ಕಲಾ ಇತಿಹಾಸವೋ, ಪುರಾತತ್ತ್ವವೋ?

ಎಂ.ಎ.ಗೆ ಹೊರಟ ನಮ್ಮ ಕರಾವಳಿಯ ಮಕ್ಕಳು ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಒಮ್ಮೆ ನಿಂತು ನೋಡಿ. ಮೂರು ಮುಖ, ಆರು ಕೈ, ಕಿರೀಟದ ಕುಸುರಿ. ಈ ಶೈಲಿ ಯಾವುದು, ಬೌದ್ಧ ಮೂರ್ತಿ ಶಿವಾಲಯದೊಳಗೆ ಕುಳಿತದ್ದು ಹೇಗೆ ಎಂಬ ಪ್ರಶ್ನೆ ಮೊದಲು ಎದ್ದರೆ ನೀವು ಕಲಾ ಇತಿಹಾಸದವರು. ಬಗ್ಗಿ ಪೀಠದ ಶಾಸನವನ್ನು ಹುಡುಕಿ, ಹಿಂದೆ ಈ ಕರಾವಳಿಯನ್ನಾಳಿದ ಆಳುಪ ವಂಶದ ದೊರೆ ಕುಂದವರ್ಮನ ಹೆಸರು, ಕ್ರಿ.ಶ. 968ಕ್ಕೆ ಸಲ್ಲುವ ಕಾಲ ನೋಡಿ, 'ಆಗ ಈ ಗುಡ್ಡದ ಮೇಲೆ ಇನ್ನೇನಿತ್ತು?' ಎಂದು ನೆಲ ನೋಡತೊಡಗಿದರೆ ಪುರಾತತ್ತ್ವದವರು.

ಪುರಾತತ್ತ್ವದಲ್ಲಿ ಮೈಯೂ ದುಡಿಯಬೇಕು. ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮಣ್ಣಿನ ಪದರ ಬಿಡಿಸುವುದು, ಮಡಕೆ ಚೂರು ತೊಳೆದು ಗುರುತು ಹಾಕುವುದು, ಅಳತೆ, ನಕ್ಷೆ. ಚಿನ್ನದ ಕೊಪ್ಪರಿಗೆ ಸಿಗುತ್ತದೆಂದು ಹೋಗಬೇಡಿ, ಸಿಗುವುದು ಹೆಚ್ಚಾಗಿ ಬೋಕಿಬಿಲ್ಲೆ. ಕಲಾ ಇತಿಹಾಸದಲ್ಲಿ ಓದು, ಬರಹ, ನೋಟ ಹೆಚ್ಚು; ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೇನಿ ಬಿಡಿಸಿದ ಚಿತ್ರಗಳಂಥ ತೀರ ಈಚಿನ ಕೆಲಸವೂ ಅದರ ಪಾಲಿಗೆ ಬರುತ್ತದೆ.

ಪುರಾತತ್ತ್ವಕ್ಕೆ ಮೈಸೂರು ವಿಶ್ವವಿದ್ಯಾನಿಲಯ ಹತ್ತಿರ, ಪುಣೆಯ ಡೆಕ್ಕನ್ ಕಾಲೇಜು ದೂರವಾದರೂ ಹೆಸರುವಾಸಿ. ಬರೋಡಾದಲ್ಲಿ ಎರಡೂ ಇವೆ, ಆದರೆ ಬೇರೆ ಬೇರೆ ವಿಭಾಗಗಳಲ್ಲಿ.

ಸರಕಾರಿ ಕೆಲಸದ ಮೇಲೆ ಕಣ್ಣಿದ್ದರೆ ನನ್ನ ಮತ ಪುರಾತತ್ತ್ವಕ್ಕೆ. ವಸ್ತುಸಂಗ್ರಹಾಲಯ, ಗ್ಯಾಲರಿ, ಬರವಣಿಗೆ ಎಂದಾದರೆ ಕಲಾ ಇತಿಹಾಸ. ಅಲ್ಲಿ ಇಂಗ್ಲಿಷ್ ಗಟ್ಟಿಯಿರಬೇಕು. ಹಳಗನ್ನಡ ಲಿಪಿ ಕಲಿತರೆ ಎರಡೂ ಕಡೆ ಲಾಭ, ಬಾರ್ಕೂರಿನ ಶಾಸನಗಳಲ್ಲೇ ಕೈ ಪಳಗಿಸಬಹುದು.