ಹೀರೋಸ್ 3: ಸ್ಟ್ರಾಂಗ್‌ಹೋಲ್ಡ್, ಕ್ಯಾಸಲ್, ನೆಕ್ರೊಪೊಲಿಸ್ ಮೂರನ್ನೂ ಆಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3 ಅನ್ನುವ, ಸರದಿಯಂತೆ ಆಡುವ ಕಂಪ್ಯೂಟರ್ ಆಟದಲ್ಲಿ ನನ್ನ ಊರು, ಅಂದರೆ ನಾನು ಆರಿಸಿಕೊಳ್ಳುವ ಪಕ್ಷ, ಸ್ಟ್ರಾಂಗ್‌ಹೋಲ್ಡ್. ಈ ಆಟ ಬಲ್ಲವರನ್ನು ಕೇಳಿದರೆ ಬಹಳ ಜನ ನೆಕ್ರೊಪೊಲಿಸ್ ಕಡೆ ಕೈ ತೋರಿಸುತ್ತಾರೆ, ಹೊಸಬರಿಗೆ ಕ್ಯಾಸಲ್ ಸಾಕು ಅನ್ನುತ್ತಾರೆ. ಎರಡನ್ನೂ ಸಾಕಷ್ಟು ಆಡಿಯೇ ಈ ಮಾತು ಹೇಳುತ್ತಿದ್ದೇನೆ.

ನಾನು ಆಡುವ ರೀತಿ ಗೊತ್ತಿದ್ದರೆ ಈ ಹೋಲಿಕೆ ನಿಮಗೆ ಎಷ್ಟು ಒಪ್ಪುತ್ತದೆ ಅನ್ನುವುದು ತಿಳಿಯುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಆಟಕ್ಕೆ ಸಿಗುವುದು ರಾತ್ರಿ ಊಟದ ಮೇಲಿನ ಹೊತ್ತು ಮಾತ್ರ. ಒಂದೇ ಲ್ಯಾಪ್‌ಟಾಪಿನಲ್ಲಿ ತಮ್ಮನ ಜೊತೆ ಹಾಟ್ ಸೀಟ್: ನನ್ನ ಸರದಿ ಮುಗಿಸಿ ಅವನ ಕಡೆ ತಳ್ಳುತ್ತೇನೆ, ಅವನದು ಮುಗಿದರೆ ನನ್ನ ಕಡೆ ಬರುತ್ತದೆ. ನಮ್ಮದು ಮಧ್ಯಮ ಗಾತ್ರದ ಮ್ಯಾಪ್, ನೆಲದಡಿಯ ಲೋಕ ಇಲ್ಲ. ಲ್ಯಾಪ್‌ಟಾಪ್ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಇಲ್ಲ. 1999ರ ಆಟಕ್ಕೆ ಅದು ಬೇಕಾಗಿಯೂ ಇಲ್ಲ, ಬಳ್ಳಾರಿಯ ಬೇಸಿಗೆ ಧಗೆಯಲ್ಲೂ ಫ್ಯಾನ್ ಕಿರುಚುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು: ಕಂಪ್ಲೀಟ್ ಆವೃತ್ತಿಯನ್ನೇ ತೆಗೆದುಕೊಳ್ಳಿ. ಆರ್ಮಗೆಡನ್ಸ್ ಬ್ಲೇಡ್, ಶ್ಯಾಡೊ ಆಫ್ ಡೆತ್ ಎರಡೂ ವಿಸ್ತರಣೆಗಳು ಅದರಲ್ಲಿವೆ. 2015ರ ಎಚ್‌ಡಿ ಆವೃತ್ತಿಯಲ್ಲಿ ಚಿತ್ರ ಚೊಕ್ಕವಾಗಿದ್ದರೂ ವಿಸ್ತರಣೆಗಳಿಲ್ಲ, ಅದರಿಂದಾಗಿ ರ್‍ಯಾಂಡಮ್ ಮ್ಯಾಪ್ ತಯಾರಿಸುವ ಸೌಲಭ್ಯವೂ ಇಲ್ಲ. ಪ್ರತಿ ಆಟಕ್ಕೂ ಹೊಸ ಮ್ಯಾಪ್ ಬೇಕು ಅನ್ನುವ ನಮಗೆ ಅದಿಲ್ಲದೆ ನಡೆಯುವುದಿಲ್ಲ. ರಿಯಾಯಿತಿ ಬಂದಾಗ ಕಂಪ್ಲೀಟ್ ಕೊಂಡೆ, ಕೊಟ್ಟ ದುಡ್ಡು ಎಂದೋ ವಸೂಲಾಗಿದೆ.

ಈಗ ನೆಕ್ರೊಪೊಲಿಸ್. ಅದರ ಬಲದ ಬಗ್ಗೆ ತಕರಾರಿಲ್ಲ. ಕಾಳಗ ಗೆದ್ದಾಗಲೆಲ್ಲ ಸತ್ತವರಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ನಮ್ಮ ದಂಡು ಸೇರುತ್ತದೆ. ದಂಡು ನಡೆಸುವ ನಾಯಕನಿಗೆ, ಅಂದರೆ ಹೀರೊಗೆ, ಇದನ್ನು ಮಾಡಿಸುವ ನೆಕ್ರೊಮ್ಯಾನ್ಸಿ ಕೌಶಲ ಬೇಸಿಕ್ ಹಂತದಲ್ಲಿದ್ದರೆ ಶೇ 10, ಅಡ್ವಾನ್ಸ್‌ಡ್ ಆದರೆ 20, ಎಕ್ಸ್‌ಪರ್ಟ್ ಆದರೆ 30. ಇದಕ್ಕೆ ಒಂದು ನಾಣ್ಯದ ಖರ್ಚೂ ಇಲ್ಲ. ವ್ಯಾಂಪೈರ್ ಲಾರ್ಡ್‌ಗಳ ಹೊಡೆತಕ್ಕೆ ಎದುರಾಳಿ ತಿರುಗೇಟು ಕೊಡಲಾರ, ಹೀರಿದ ಜೀವದಿಂದ ಅವರ ಕಡೆ ಸತ್ತವರೇ ಮತ್ತೆ ಏಳುತ್ತಾರೆ. ಕಂಪ್ಯೂಟರ್ ಎದುರು ಒಬ್ಬರೇ ಕೂತು ನಿಧಾನವಾಗಿ ಆಡುವವರಿಗೆ ಇದಕ್ಕಿಂತ ಭದ್ರವಾದ ಊರು ಕಡಿಮೆ.

ನನ್ನ ತಕರಾರು ಇರುವುದು ನಡಿಗೆಯ ಬಗ್ಗೆ. ಹೀರೊ ಒಂದು ದಿನದಲ್ಲಿ, ಅಂದರೆ ಒಂದು ಸರದಿಯಲ್ಲಿ, ಎಷ್ಟು ದೂರ ಹೋಗಬಹುದು ಅನ್ನುವುದನ್ನು ದಂಡಿನಲ್ಲಿರುವ ಅತಿ ನಿಧಾನದ ಪಡೆ ತೀರ್ಮಾನಿಸುತ್ತದೆ. ಆ ಪಡೆಯ ವೇಗ 3 ಇದ್ದರೆ ದಿನಕ್ಕೆ 1,500 ನಡಿಗೆ ಪಾಯಿಂಟ್, 11 ಅಥವಾ ಅದಕ್ಕಿಂತ ಮೇಲಿದ್ದರೆ 2,000. ಹುಲ್ಲು ಅಥವಾ ಮಣ್ಣಿನ ನೆಲದಲ್ಲಿ ನೇರ ಹೆಜ್ಜೆಯೊಂದಕ್ಕೆ 100 ಖರ್ಚು. ವ್ಯಾಂಪೈರ್ ಲಾರ್ಡ್‌ಗಳ ವೇಗ 9. ಅವರಷ್ಟೇ ಇದ್ದರೆ 1,900 ಸಿಗುತ್ತದೆ, ಅಂದರೆ ಹತ್ತೊಂಬತ್ತು ಹೆಜ್ಜೆ. ವೇಗ 4ರ ಅಸ್ಥಿಪಂಜರಗಳು ಜೊತೆ ಸೇರಿದ ಕೂಡಲೇ 1,560ಕ್ಕೆ ಇಳಿಯುತ್ತದೆ, ಹದಿನೈದೇ ಹೆಜ್ಜೆ. ಗೆದ್ದಷ್ಟೂ ಅಸ್ಥಿಪಂಜರ ಹೆಚ್ಚುತ್ತವೆ, ಅವನ್ನು ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ. ಈ ಊರಿನ ದೊಡ್ಡ ಆಸ್ತಿಯೇ ಅದರ ಕಾಲಿಗೆ ಬಿದ್ದ ಬೇಡಿ.

ಇದಕ್ಕೆ ಹಳೆಯ ಉಪಾಯವೊಂದಿದೆ. ನಡಿಗೆಯ ಲೆಕ್ಕ ನಡೆಯುವುದು ದಿನದ ಆರಂಭದಲ್ಲಿ, ಆ ಗಳಿಗೆಯಲ್ಲಿ ದಂಡಿನಲ್ಲಿ ಯಾರಿದ್ದಾರೋ ಅವರ ಮೇಲೆ. ಸರದಿ ಮುಗಿಸುವ ಮುನ್ನ ಪಕ್ಕದಲ್ಲಿ ನಿಂತ ಎರಡನೆಯ ಹೀರೊನ ಕೈಗೆ ನಿಧಾನದ ಪಡೆಗಳನ್ನೆಲ್ಲ ಕೊಟ್ಟುಬಿಡಬೇಕು. ಮರುದಿನ ಮುಖ್ಯ ಹೀರೊ ಹತ್ತೊಂಬತ್ತು ಹೆಜ್ಜೆಯ ಶಕ್ತಿಯಿಂದ ಎದ್ದಮೇಲೆ ಅವನ್ನು ವಾಪಸ್ ಪಡೆದು ಹೊರಡಬೇಕು. ಪಕ್ಕಪಕ್ಕ ನಿಂತು ಪಡೆ ಬದಲಿಸಿಕೊಳ್ಳುವುದಕ್ಕೆ ಪಾಯಿಂಟ್ ಖರ್ಚಾಗುವುದಿಲ್ಲ. ಯಾವ ಊರಿನಿಂದ ಆಡಿದರೂ ಇದನ್ನು ಕಲಿತಿರಿ.

ಆದರೆ ನೆಕ್ರೊಪೊಲಿಸ್‌ನಲ್ಲಿ ಈ ಉಪಾಯ ಎರಡನೆಯ ದಿನಕ್ಕೇ ಕೈಕೊಡುತ್ತದೆ. ಬೆಳಿಗ್ಗೆ ಅಸ್ಥಿಪಂಜರಗಳ ಜೊತೆ ಎದ್ದವನು ಎರಡನೆಯ ಹೀರೊ ತಾನೆ? ಅವನಿಗೆ ಸಿಕ್ಕಿದ್ದು ಹದಿನೈದು ಹೆಜ್ಜೆ. ಮುಖ್ಯ ಹೀರೊ ಹತ್ತೊಂಬತ್ತು ಹೆಜ್ಜೆ ಮುಂದೆ ಹೋಗಿ ನಿಂತರೆ ಸಹಾಯಕ ನಾಲ್ಕು ಹೆಜ್ಜೆ ಹಿಂದೆ. ಸಂಜೆಗೆ ಇಬ್ಬರೂ ಪಕ್ಕಪಕ್ಕ ಸೇರುವುದಿಲ್ಲ, ಪಡೆ ಬಿಡಲು ಜಾಗವಿಲ್ಲ. ಸೇರಲೇಬೇಕೆಂದರೆ ಮುಖ್ಯ ಹೀರೊ ನಾಲ್ಕು ಹೆಜ್ಜೆ ಮೊದಲೇ ನಿಲ್ಲಬೇಕು, ಆಗ ಉಪಾಯ ಮಾಡಿದ್ದೇ ದಂಡ. ಇನ್ನೊಂದು ದಾರಿ, ಮುಂದಿನ ತಂಗುದಾಣದಲ್ಲಿ ಮೂರನೆಯ ಹೀರೊನನ್ನು ಮೊದಲೇ ತಂದು ನಿಲ್ಲಿಸುವುದು. ಟ್ಯಾವರ್ನಿನಲ್ಲಿ ಒಬ್ಬೊಬ್ಬ ಹೀರೊನನ್ನು ಸೇರಿಸಿಕೊಳ್ಳಲು 2,500 ಚಿನ್ನ. ಮೊದಲ ವಾರದಲ್ಲಿ ಆ ದುಡ್ಡಿಗೆ ದಿನದ ಆದಾಯ ಹೆಚ್ಚಿಸುವ ಟೌನ್ ಹಾಲ್ ಏಳುತ್ತದೆ.

ಹಾಟ್ ಸೀಟಿನಲ್ಲಂತೂ ಇದರ ಕಿರಿಕಿರಿ ಇನ್ನೂ ಜಾಸ್ತಿ. ಪ್ರತಿ ಸರದಿಯಲ್ಲೂ ಎರಡು ಸಲ ಪಡೆ ಬದಲಾವಣೆ, ಯಾವ ಹೀರೊ ಎಲ್ಲಿ ನಿಲ್ಲಬೇಕೆಂಬ ಲೆಕ್ಕ. ಅಷ್ಟರಲ್ಲಿ ತಮ್ಮ ಮಿರ್ಚಿ, ಒಗ್ಗರಣೆ ಮುಗಿಸಿ, ‘ಅಕ್ಕಾ, ಇನ್ನೂ ಎಲುಬಿನ ಮಂದಿ ದಾಟಿಸಾಕತ್ತೀಯೇನು?’ ಅಂತ ಕೇಳಿರುತ್ತಾನೆ. ಅಪಾಯವೂ ಇದೆ. ಸರದಿ ಕೊಟ್ಟ ಗಳಿಗೆಯಲ್ಲಿ ಇಡೀ ಅಸ್ಥಿಪಂಜರ ದಂಡು ಇರುವುದು ದಾಳಿ, ರಕ್ಷಣೆ ಎರಡೂ ಕಮ್ಮಿ ಇರುವ ಸಹಾಯಕನ ಕೈಯಲ್ಲಿ. ಎದುರಾಳಿ ಮನುಷ್ಯನಾಗಿದ್ದರೆ ಹೊಡೆಯುವುದು ಅವನನ್ನೇ.

ಕ್ಯಾಸಲ್ ಬಗ್ಗೆ ಇಷ್ಟೆಲ್ಲ ಹೇಳುವುದಿಲ್ಲ, ಅದು ತಮ್ಮನ ಊರು. ಮಾರ್ಕ್ಸ್‌ಮನ್‌ಗಳು ಒಂದೇ ಸರದಿಯಲ್ಲಿ ಎರಡು ಸಲ ಬಾಣ ಬಿಡುತ್ತಾರೆ, ರಾಯಲ್ ಗ್ರಿಫಿನ್‌ಗಳು ಎಷ್ಟು ಸಲ ಹೊಡೆಸಿಕೊಂಡರೂ ಅಷ್ಟು ಸಲ ತಿರುಗೇಟು ಕೊಡುತ್ತವೆ. ಆರ್ಚ್‌ಏಂಜೆಲ್‌ಗಳು ಬಂದರೆಂದರೆ ಸತ್ತವರನ್ನೂ ಎಬ್ಬಿಸುತ್ತಾರೆ. ತೊಡಕು ದುಡ್ಡಿನದು: ಒಬ್ಬ ಏಂಜೆಲ್‌ಗೆ 3,000 ಚಿನ್ನ ಮತ್ತು ಒಂದು ರತ್ನ, ಆರ್ಚ್‌ಏಂಜೆಲ್‌ಗೆ 5,000 ಮತ್ತು ಮೂರು ರತ್ನ. ದಿನಕ್ಕೆ 4,000 ತರುವ ಕ್ಯಾಪಿಟಲ್ ಎದ್ದ ಮೇಲೆ ಇದು ಭಾರವಲ್ಲ. ನಮ್ಮ ಮ್ಯಾಪಿನಲ್ಲಿ ಮಾತ್ರ ಅಷ್ಟು ಹೊತ್ತಿಗೆ ಗೆಲುವು ಸೋಲು ಬಹುಮಟ್ಟಿಗೆ ನಿಕ್ಕಿಯಾಗಿರುತ್ತದೆ.

ಸ್ಟ್ರಾಂಗ್‌ಹೋಲ್ಡ್‌ನಲ್ಲಿ ಅತಿ ಮೇಲಿನ ದರ್ಜೆಯ ಬೆಹೆಮತ್‌ಗೆ 1,500 ಚಿನ್ನ ಸಾಕು. ಏಂಜೆಲ್‌ನ ಅರ್ಧ ದರಕ್ಕೆ 160 ಜೀವದ ಪ್ರಾಣಿ, ಜೊತೆಗೆ ಹೊಡೆಯುವಾಗ ಎದುರಾಳಿಯ ರಕ್ಷಣೆಯಲ್ಲಿ ಶೇ 40ನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲ ವಾರ ಬೆಹೆಮತ್ ಇಲ್ಲದಿದ್ದರೂ ಚಿಂತೆಯಿಲ್ಲ. ಹಾಬ್‌ಗಾಬ್ಲಿನ್ ವೇಗ 7, ವುಲ್ಫ್ ರೈಡರ್ ಮೇಲ್ದರ್ಜೆಗೆ ಏರಿ ರೇಡರ್ ಆದರೆ 8. ಈ ಎರಡೇ ಪಡೆ ಕಟ್ಟಿಕೊಂಡರೆ ದಿನಕ್ಕೆ 1,760, ಹದಿನೇಳು ಹೆಜ್ಜೆ, ಯಾವ ಸಹಾಯಕನ ಹಂಗೂ ಇಲ್ಲದೆ. ಅಸ್ಥಿಪಂಜರದ ಹದಿನೈದಕ್ಕಿಂತ ಎರಡೇ ಹೆಚ್ಚು ಅನ್ನಿಸಬಹುದು. ವಾರಕ್ಕೆ ಹದಿನಾಲ್ಕು ಹೆಜ್ಜೆ ಅಂದರೆ ಸುಮಾರು ಒಂದು ದಿನದ ದಾರಿ. ನಡುವೆ ಇರುವ ಗಣಿ, ಚಿನ್ನದ ಪೆಟ್ಟಿಗೆ ಮೊದಲು ತಲುಪಿದವರ ಪಾಲು. ಓರ್ಕ್, ಓಗರ್ ಎರಡರ ವೇಗವೂ 4, ಅವನ್ನು ಊರು ಕಾಯಲು ಬಿಡಿ, ದಂಡಿನ ಜೊತೆ ಒಯ್ಯಬೇಡಿ.

ಕಾಳಗದಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿರುವುದು ಒಂಟಿ ಗಾಬ್ಲಿನ್. ಒಂದು ಪಡೆ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಸಲ ತಿರುಗೇಟು ಕೊಡುತ್ತದೆ. ಒಬ್ಬನೇ ಇರುವ ಪಡೆಯನ್ನು ಮೊದಲು ಕಳಿಸಿ ಆ ತಿರುಗೇಟು ತಿನ್ನಿಸಿಬಿಟ್ಟರೆ, ಹಿಂದೆ ಹೋಗುವ ವುಲ್ಫ್ ರೇಡರ್‌ಗಳು ಎರಡು ಏಟು ಹಾಕಿ ಒಂದು ಗಾಯವೂ ಇಲ್ಲದೆ ಉಳಿಯುತ್ತಾರೆ. ಗಾಬ್ಲಿನ್ ಒಂದಕ್ಕೆ 40 ಚಿನ್ನ. ಹೀಗೆ ಉಳಿಸಿಕೊಂಡ ರೇಡರ್‌ಗಳೇ ಎರಡನೆಯ ವಾರದ ದಂಡು. ತಮ್ಮನ ಗ್ರಿಫಿನ್‌ಗಳ ಮುಂದೆ ಮಾತ್ರ ಇದು ನಡೆಯುವುದಿಲ್ಲ, ಅವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಹೀರೊ ಆರಿಸುವಾಗ ಕ್ರ್ಯಾಗ್ ಹ್ಯಾಕ್ ಸಿಕ್ಕರೆ ಎರಡನೆಯ ಯೋಚನೆ ಬೇಡ, ಅಡ್ವಾನ್ಸ್‌ಡ್ ಆಫೆನ್ಸ್ ಅನ್ನುವ, ಹೊಡೆತ ಹೆಚ್ಚಿಸುವ ಕೌಶಲದ ಜೊತೆಗೇ ಬರುತ್ತಾನೆ. ನಡಿಗೆಯೇ ಮುಖ್ಯ ಅನ್ನಿಸಿದರೆ ಡೆಸ್ಸಾ, ಅವಳ ವಿಶೇಷತೆಯೇ ನಡಿಗೆ ಹೆಚ್ಚಿಸುವ ಲಾಜಿಸ್ಟಿಕ್ಸ್.

ಊರು ಕಟ್ಟುವ ಕ್ರಮದಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. ದಿನಕ್ಕೆ ಒಂದೇ ಕಟ್ಟಡ, ಹೊಸ ಸೈನಿಕರು ಸೇರುವುದು ವಾರದ ಮೊದಲ ದಿನ. ಕೋಟೆಯನ್ನು ಸಿಟಡೆಲ್ ಮಾಡಿದರೆ ಸೈನಿಕರ ಬೆಳವಣಿಗೆ ಶೇ 50 ಏರುತ್ತದೆ, ಅದರ ಮೇಲಿನ ಹಂತಕ್ಕೆ ಒಯ್ದರೆ ದುಪ್ಪಟ್ಟು. ಏಳನೆಯ ದಿನ ಕಟ್ಟಿದರೂ ಮರುದಿನವೇ ಅದರ ಫಲ ಸಿಗುತ್ತದೆ, ಎಂಟನೆಯ ದಿನಕ್ಕೆ ಬಿಟ್ಟರೆ ಪೂರ್ತಿ ವಾರ ಕಾಯಬೇಕು.

ಸ್ಟ್ರಾಂಗ್‌ಹೋಲ್ಡ್‌ನ ದೊಡ್ಡ ಕೊರತೆ ಮಂತ್ರದ್ದು. ಮಂತ್ರ ಕಲಿಸುವ ಕಟ್ಟಡ ಮೇಜ್ ಗಿಲ್ಡ್ ಮೂರನೆಯ ಹಂತಕ್ಕೆ ನಿಲ್ಲುತ್ತದೆ, ಹೀರೊನನ್ನು ನೇರ ಊರಿಗೆ ಹಾರಿಸುವ ನಾಲ್ಕನೆಯ ಹಂತದ ಟೌನ್ ಪೋರ್ಟಲ್ ಮಂತ್ರ ಅಲ್ಲಿ ಸಿಗುವುದಿಲ್ಲ. ಮೊದಲ ಹಂತದಲ್ಲೇ ಸ್ಲೋ ಬಂದುಬಿಟ್ಟರೆ ನನಗೆ ಅಷ್ಟೇ ಸಾಕು. ಹೀರೊನ ಅರ್ತ್ ಮ್ಯಾಜಿಕ್ ಕೌಶಲ ಎಕ್ಸ್‌ಪರ್ಟ್ ಆದ ಮೇಲೆ ಆ ಒಂದೇ ಮಂತ್ರ ಎದುರಾಳಿಯ ಎಲ್ಲ ಪಡೆಗಳ ವೇಗವನ್ನೂ ಅರ್ಧಕ್ಕೆ ಇಳಿಸುತ್ತದೆ.

ಮ್ಯಾಪ್ ತೀರಾ ದೊಡ್ಡದಿದ್ದು, ನೆಲದಡಿಯ ಲೋಕವೂ ಇದ್ದು, ಆಟ ತಿಂಗಳುಗಟ್ಟಲೆ ಎಳೆಯುವುದು ಖಂಡಿತ ಇದ್ದರೆ ಊರುಗಳ ನಡುವೆ ಹಾರುವುದು ಬೇಕೇ ಬೇಕು. ಅಂಥ ಕಡೆ ನಾನೂ ನೆಕ್ರೊಪೊಲಿಸ್ ತೆಗೆದುಕೊಳ್ಳುತ್ತೇನೆ. ನೆಕ್ರೊಮ್ಯಾನ್ಸಿಯೇ ವಿಶೇಷತೆಯಾದ ಇಸ್ರಾಳನ್ನು ಹೀರೊ ಮಾಡಿ, ಟೌನ್ ಪೋರ್ಟಲ್ ಕೈಗೆ ಬರುವವರೆಗೂ ಅಸ್ಥಿಪಂಜರಗಳನ್ನು ಊರಿನ ಹತ್ತಿರದಲ್ಲೇ ಇಟ್ಟುಕೊಂಡು, ದೂರದ ಗಣಿಗಳಿಗೆ ವ್ಯಾಂಪೈರ್‌ಗಳನ್ನಷ್ಟೇ ಕಳಿಸುವುದು.