ಡ್ಯಾಶ್‌ಬೋರ್ಡ್ ಚಂದ ಮಾಡಲು ಹೋಗಿ ಸರ್ವರ್ ಕಳೆದುಕೊಂಡೆ

ಹೋದ ತಿಂಗಳು ಒಂದು ರಾತ್ರಿ, ಟಿವಿ ಹಿಂದೆ ಮನೆಯ ಸರ್ವರ್ ಆಗಿ ಇಟ್ಟಿದ್ದ ಮಿನಿ ಪಿಸಿಯ ಫ್ಯಾನ್ ಮಿಕ್ಸಿ ಹಾಗೆ ಕೂಗತೊಡಗಿತು. ಅದರಿಂದ ಸಿನಿಮಾ ನೋಡುವ ಜೆಲ್ಲಿಫಿನ್‌ನಲ್ಲಿ ಯಾರೂ ಏನೂ ನೋಡುತ್ತಿರಲಿಲ್ಲ. ಫೋನಿನಲ್ಲಿ ಡ್ಯಾಶ್‌ಬೋರ್ಡ್ (ಸರ್ವರ್‌ನ ಸ್ಥಿತಿ ತೋರಿಸುವ ಪುಟ) ತೆರೆದೆ. ಸಿಪಿಯು 100%. ಪಟ್ಟಿಯಲ್ಲಿ ನಾನು ಹಾಕದ ಒಂದು ಕಂಟೇನರ್ (ಒಂದು ಆಪ್ ಪ್ರತ್ಯೇಕವಾಗಿ ಓಡುವ ಡಬ್ಬಿ) ಇತ್ತು. ಒಳಗೆ ನೋಡಿದರೆ ಎಕ್ಸ್‌ಎಂರಿಗ್, ಕ್ರಿಪ್ಟೋ ಗಣಿಗಾರಿಕೆಯ ಪ್ರೋಗ್ರಾಂ. ನನ್ನ ಕರೆಂಟಿನಲ್ಲಿ ಯಾರೋ ಮೊನೆರೋ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಡೆಸಿದ್ದರು!

ತಪ್ಪು ನನ್ನದೇ. ಜಾಹೀರಾತು ತಡೆಯುವ ಪೈ-ಹೋಲ್, ಫೋಟೋ ಇಡುವ ಇಮ್ಮಿಚ್, ಜೆಲ್ಲಿಫಿನ್ ಎಲ್ಲವನ್ನೂ ಒಂದೇ ಪುಟದಲ್ಲಿ ನೋಡುವ ಆಸೆಗೆ ಡ್ಯಾಶ್‌ಬೋರ್ಡ್ ಹಾಕಿದ್ದೆ. ಐಕಾನ್, ಬಣ್ಣ, ಹಿನ್ನೆಲೆಗೆ ಚಾಮುಂಡಿ ಬೆಟ್ಟದ ಫೋಟೋ ಅಂತ ಎರಡು ದಿನ ಕಳೆದೆ. ಯಾವ ಕಂಟೇನರ್ ಓಡುತ್ತಿದೆ ಎಂದು ಹಸಿರು ಚುಕ್ಕೆ ತೋರಿಸಬೇಕಿತ್ತು. ಅದಕ್ಕೆ ಡ್ಯಾಶ್‌ಬೋರ್ಡ್, ಕಂಟೇನರ್‌ಗಳನ್ನು ಓಡಿಸುವ ಡಾಕರ್ ಜೊತೆ ಅದರ ಸಾಕೆಟ್ ಎಂಬ ಬಾಗಿಲಿನ ಮೂಲಕ ಮಾತಾಡಬೇಕು. ಡಾಕರ್ ಸಾಕೆಟ್ ಯಾರ ಕೈಗೆ ಸಿಕ್ಕಿತೋ, ಆ ಮಷೀನ್‌ನ ರೂಟ್, ಅಂದರೆ ಪೂರ್ಣ ಅಧಿಕಾರ, ಅವರ ಕೈಗೆ ಸಿಕ್ಕಿದಂತೆಯೇ. ಸಾಕೆಟ್ ಕೊಡುವ ಸಾಲಿನ ಕೊನೆಗೆ 'ಆರ್‌ಓ' (ಓದಲು ಮಾತ್ರ) ಸೇರಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಕಾಗುವುದಿಲ್ಲ. ಹಾಗೆ ಮಾಡಿದರೂ ಸಾಕೆಟ್ ಮೂಲಕ ಆಜ್ಞೆಗಳು ಹೋಗುತ್ತಲೇ ಇರುತ್ತವೆ.

ಇದು ನನಗೆ ಗೊತ್ತಿತ್ತು. ಹಾಗಾಗಿ ಜಾಣನಂತೆ ಮಧ್ಯೆ ಸಾಕೆಟ್ ಪ್ರಾಕ್ಸಿ ಹಾಕಿದೆ, ಅನುಮತಿ ಇರುವ ಆಜ್ಞೆಗಳನ್ನು ಮಾತ್ರ ದಾಟಿಸುವ ಕಾವಲುಗಾರ. ಆಮೇಲೆ ನೋಡಿ ನನ್ನ ಜಾಣತನ. ರೀಸ್ಟಾರ್ಟ್ ಬಟನ್ ಕೆಲಸ ಮಾಡಲಿಲ್ಲ ಅಂತ ಸಿಟ್ಟಿಗೆ ಪ್ರಾಕ್ಸಿಯ ಎಲ್ಲ ಅನುಮತಿಗೂ 1 (ಅಂದರೆ 'ಸರಿ') ಹಾಕಿದೆ. ಪ್ರಾಕ್ಸಿಯ ಪೋರ್ಟ್ ಸಾಲು '127.0.0.1:2375:2375' ಅಂತಿತ್ತು, ಅಂದರೆ ಆ ಮಷೀನ್‌ಗೆ ಮಾತ್ರ ತೆರೆದ ಬಾಗಿಲು. ಡ್ಯಾಶ್‌ಬೋರ್ಡಿಗೆ ಸಂಪರ್ಕ ಸಿಗಲಿಲ್ಲ ಅಂತ ಮುಂದಿನ 127.0.0.1 ಕಿತ್ತುಹಾಕಿದೆ. ಎರಡೂ ಕಂಟೇನರ್ ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿದ್ದರೆ ಆ ಪೋರ್ಟ್ ಸಾಲೇ ಬೇಕಿರಲಿಲ್ಲ, ಅದು ಹೊಳೆದದ್ದು ಆಮೇಲೆ.

ಇಷ್ಟಕ್ಕೇ ನಿಂತಿದ್ದರೆ ಮನೆಯೊಳಗಿನ ತಪ್ಪಾಗಿ ಉಳಿಯುತ್ತಿತ್ತು. ಪುಣೆಯಲ್ಲಿರುವ ತಮ್ಮ, "ಅಣ್ಣಾ, ಲಿಂಕ್ ಕಳ್ಸು, ನಾನೂ ನೋಡ್ತೀನಿ" ಅಂದ. ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇತ್ತು. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಬೇಕಾದ ಪೋರ್ಟನ್ನಷ್ಟೇ ಹೊರಗೆ ತೆರೆಯುವುದು) ಕೈಕೊಟ್ಟಿತು. ರಾತ್ರಿ ಒಂದು ಗಂಟೆ, ನಿದ್ದೆ ಬೇರೆ. ಹೊರಗಿನಿಂದ ಬರುವುದನ್ನೆಲ್ಲ ಒಂದೇ ಮಷೀನ್‌ಗೆ ಕಳಿಸುವ ಡಿಎಂಝಡ್‌ನಲ್ಲಿ ಸರ್ವರ್‌ನ ಐಪಿ ಹಾಕಿ ಮಲಗಿದೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಇದೆಯಲ್ಲ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮತ್ತು ಡ್ಯಾಶ್‌ಬೋರ್ಡ್ ಬಿಟ್ಟು ಉಳಿದದ್ದನ್ನೆಲ್ಲ ಅದು ತಡೆಯುತ್ತದೆ ಅಂದುಕೊಂಡೆ.

ತಡೆಯಲಿಲ್ಲ. ಕಂಟೇನರ್‌ಗಳ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲಿನಲ್ಲಿ ಪೋರ್ಟ್ ಬರೆದರೆ ಡಾಕರ್ ತಾನೇ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಮೂಲ ಫೈರ್‌ವಾಲ್) ನಿಯಮ ಹಾಕಿಕೊಳ್ಳುತ್ತದೆ. ಆ ಟ್ರಾಫಿಕ್ ಯುಎಫ್‌ಡಬ್ಲ್ಯೂ ಕಾಯುವ ಬಾಗಿಲಿಗೆ ಬರುವುದೇ ಇಲ್ಲ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ 2375ರ ಸುದ್ದಿಯೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಪೋರ್ಟ್ ಬಾಯಿ ತೆರೆದು ಕೂತಿತ್ತು. ಇಂಥ ತೆರೆದ 2375 ಹುಡುಕುವುದಕ್ಕೆಂದೇ ಬಾಟ್‌ಗಳು ಇಂಟರ್ನೆಟ್ಟಿನಲ್ಲಿ ಅಲೆಯುತ್ತಿರುತ್ತವೆ.

ಆ ಕಂಟೇನರ್ ಅಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಅದು ಇಡೀ ಡಿಸ್ಕನ್ನೇ ಮೌಂಟ್ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದಿತ್ತು, ರೂಟ್‌ಗೆ ಎಸ್‌ಎಸ್‌ಎಚ್ ಕೀ ಕೂಡ ಸೇರಿಸಿತ್ತು. ಇನ್ನು ಏನೇನು ಮಾಡಿದೆಯೋ ಅಂತ ಹುಡುಕುತ್ತಾ ಕೂರಲಿಲ್ಲ. ಕೇಬಲ್ ಕಿತ್ತು, ಡಿಸ್ಕ್ ಅಳಿಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಫೋಟೋಗಳ ಕಾಪಿ ಬೇರೆ ಹಾರ್ಡ್ ಡಿಸ್ಕಿನಲ್ಲಿತ್ತು, ಬದುಕಿದೆ.

ನಿಜಕ್ಕೂ ಬೆವರಿಳಿಸಿದ್ದು ಡ್ಯಾಶ್‌ಬೋರ್ಡಿನ ಯಾಮಲ್ ಸೆಟ್ಟಿಂಗ್ ಫೈಲು. ವಿಜೆಟ್‌ಗಳಿಗೆ ಅಂತ ಇಮ್ಮಿಚ್, ಜೆಲ್ಲಿಫಿನ್, ರೂಟರ್, ಎಲ್ಲದರ ಎಪಿಐ ಕೀ, ಪಾಸ್‌ವರ್ಡ್ ಒಂದೇ ಫೈಲಿನಲ್ಲಿ ಹಾಗೇ ಬರೆದಿಟ್ಟಿದ್ದೆ. ಮನೆಯ ಬೀಗದ ಕೈ ಗೊಂಚಲನ್ನು ಗೇಟಿಗೆ ನೇತುಹಾಕಿದ ಹಾಗೆ. ಒಂದೊಂದನ್ನೂ ಬದಲಾಯಿಸುವಷ್ಟರಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು.

ಈಗ ತಮ್ಮ ಟೇಲ್‌ಸ್ಕೇಲ್ ಎಂಬ ಖಾಸಗಿ ನೆಟ್‌ವರ್ಕ್ (ವಿಪಿಎನ್) ಮೂಲಕ ಬಂದು ನೋಡುತ್ತಾನೆ. ರೂಟರ್‌ನಲ್ಲಿ ಒಂದೂ ಪೋರ್ಟ್ ತೆರೆದಿಲ್ಲ. ರೀಸ್ಟಾರ್ಟ್ ಬಟನ್ ಆಸೆ ಬಿಟ್ಟೆ, ಪ್ರಾಕ್ಸಿಗೆ ಓದುವ ಅನುಮತಿ ಮಾತ್ರ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಓಡುತ್ತಿದ್ದರೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಬ್ರೌಸರ್ ತೆರೆದು ಮನೆಯ ಪಬ್ಲಿಕ್ ಐಪಿ (ಇಂಟರ್ನೆಟ್ಟಿನಲ್ಲಿ ಮನೆಯ ವಿಳಾಸ) ಹಾಕಿ, ಮುಂದೆ ':2375/version' ಅಂತ ಹೊಡೆದು ನೋಡಿ. ಡಾಕರ್ ವರ್ಷನ್ ಕಾಣಿಸಿದರೆ ಈ ಬರಹ ಪೂರ್ತಿ ಓದುತ್ತಾ ಕೂರಬೇಡಿ, ಮೊದಲು ಕೇಬಲ್ ಕೀಳಿ.