ಖಾಲಿ ಚಿಪ್ಸ್ ಪ್ಯಾಕೆಟ್ ಕತ್ತರಿಸದೆ ಬಿಡಬೇಡಿ: ನಮ್ಮ ಗುಂಡ ಹೋದದ್ದು ಹೀಗೆ

ಮನೆಯಲ್ಲಿ ನಾಯಿ, ಬೆಕ್ಕು ಇರುವವರು ದಯವಿಟ್ಟು ಇದನ್ನು ಓದಿ. ಏಪ್ರಿಲ್‌ನಲ್ಲಿ ನಮ್ಮ ಗುಂಡ ತೀರಿಕೊಂಡ. ಹಾವು ಕಚ್ಚಲಿಲ್ಲ, ಗಾಡಿ ಗುದ್ದಲಿಲ್ಲ, ಕಾಯಿಲೆಯೂ ಇರಲಿಲ್ಲ. ನಮ್ಮದೇ ಹಾಲ್‌ನಲ್ಲಿ, ಖಾಲಿ ಚಿಪ್ಸ್ ಪ್ಯಾಕೆಟ್‌ನೊಳಗೆ ತಲೆ ಸಿಕ್ಕಿಕೊಂಡು ಉಸಿರುಕಟ್ಟಿ ಹೋದ. ನಾಲ್ಕು ವರ್ಷದ ಗಟ್ಟಿಮುಟ್ಟಾದ ಬೀದಿ ತಳಿಯ ನಾಯಿ ಅವನು.

ಅವತ್ತು ಭಾನುವಾರ. ಬೆಳಿಗ್ಗೆ ಅತ್ತೆ ಮತ್ತು ನಾನು ಮಹಡಿ ಮೇಲೆ ಸಂಡಿಗೆ ಇಟ್ಟಿದ್ದೆವು. ಸಂಡಿಗೆ ಇಟ್ಟ ದಿನ ಗುಂಡನಿಗೆ ಕೆಲಸ ಜಾಸ್ತಿ, ಕಾಗೆ ಓಡಿಸುವುದು ಅವನೇ. ಮೆಟ್ಟಿಲ ಕಡೆ ಯಾರು ಹೆಜ್ಜೆ ಇಟ್ಟರೂ ಮೊದಲು ಮೇಲೆ ಹತ್ತುತ್ತಿದ್ದ. ಸಂಜೆ ನಾವು ಸಂಡಿಗೆ ಎತ್ತಲು ಹೋದಾಗ ಮಾತ್ರ ಬರಲಿಲ್ಲ. ಬಿಸಿಲಿಗೆ ಸುಸ್ತಾಗಿ ಮಲಗಿರಬೇಕು ಅಂದುಕೊಂಡೆ. ಸಂಡಿಗೆ ಬಿಡಿಸಿ, ಡಬ್ಬಕ್ಕೆ ತುಂಬಿ ಕೆಳಗೆ ಬರಲು ಕಾಲು ಗಂಟೆ ಆಗಿರಬಹುದು.

ಮಧ್ಯಾಹ್ನ ಮಗಳು ಚಿಪ್ಸ್ ತಿಂದು, ದೊಡ್ಡ ಪ್ಯಾಕೆಟನ್ನು ಸೋಫಾ ಮೇಲೆ ಬಿಟ್ಟು ಗೆಳತಿಯ ಮನೆಗೆ ಹೋಗಿದ್ದಳು. ಆ ಕವರ್ ನನ್ನ ಕಣ್ಣಿಗೂ ಬಿದ್ದಿತ್ತು. ಆಮೇಲೆ ಎತ್ತಿದರಾಯಿತು ಅಂದುಕೊಂಡೆ. ಇವತ್ತಿಗೂ ರಾತ್ರಿ ನಿದ್ದೆ ಕೆಡಿಸುವುದು ಅದೇ.

ಕೆಳಗೆ ಬಂದಾಗ ಸೋಫಾ ಮತ್ತು ಗೋಡೆಯ ನಡುವೆ ಅವನ ಹಿಂಗಾಲು ಕಂಡವು. ಅತ್ತೆ "ಗುಂಡಾ, ಬಾರೋ" ಎಂದು ಕರೆದರು. ಬಾಲ ಅಲ್ಲಾಡಲಿಲ್ಲ. ಹತ್ತಿರ ಹೋದರೆ ಕವರ್ ಕಿವಿಯ ತನಕ ಏರಿ ಮುಖಕ್ಕೆ ಬಿಗಿಯಾಗಿ ಅಂಟಿಕೊಂಡಿತ್ತು. ಕಿತ್ತು ತೆಗೆದೆ. ನಾಲಿಗೆ, ವಸಡು ಎಲ್ಲಾ ನೀಲಿ. ಮೈ ಇನ್ನೂ ಬೆಚ್ಚಗಿತ್ತು. ಹೆಸರು ಹಿಡಿದು ಕೂಗಿದೆ, ಮುಖಕ್ಕೆ ನೀರು ಚಿಮುಕಿಸಿದೆ. ಬೇರೇನು ಮಾಡಬೇಕು ಅಂತ ಗೊತ್ತಿರಲಿಲ್ಲ. ಆಟೋದಲ್ಲಿ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಅಷ್ಟು ದೊಡ್ಡ ನಾಯಿಗೆ ಒಂದು ಕವರ್ ಕಿತ್ತುಕೊಳ್ಳಲು ಆಗಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಅವರು ಕೂರಿಸಿ ವಿವರಿಸಿದರು. ಚಿಪ್ಸ್ ಗರಿಗರಿಯಾಗಿ ಇರಲಿ ಅಂತಲೇ ಆ ಕವರಿನಲ್ಲಿ ಗಾಳಿ ಆಡದಂತೆ ಮಾಡಿರುತ್ತಾರೆ. ಉಪ್ಪು ಖಾರದ ಪುಡಿಯೆಲ್ಲ ತಳದ ಮೂಲೆಯಲ್ಲಿ ಉಳಿಯುತ್ತದೆ. ಅದನ್ನು ನೆಕ್ಕಲು ನಾಯಿ ಮೂತಿಯನ್ನು ಪೂರ್ತಿ ಒಳಗೆ ತೂರಿಸುತ್ತದೆ. ಉಸಿರು ಎಳೆದ ಕೂಡಲೇ ಕವರ್ ಮೂಗು ಬಾಯಿಗೆ ಮೆತ್ತಿಕೊಳ್ಳುತ್ತದೆ. ಗಾಬರಿಯಾಗಿ ಜೋರಾಗಿ ಎಳೆದಷ್ಟೂ ಇನ್ನೂ ಬಿಗಿ. ನಮ್ಮ ಹಾಗೆ ಬೆರಳಲ್ಲಿ ಹಿಡಿದು ಎಳೆಯಲು ಅದಕ್ಕೆ ಆಗದು, ಪಂಜ ಜಾರುತ್ತದೆ. ಒಳಗಿನ ಆಮ್ಲಜನಕ ಬೇಗ ಮುಗಿದು 3ರಿಂದ 5 ನಿಮಿಷದಲ್ಲಿ ಪ್ರಾಣ ಹೋಗಬಹುದು. ಬೊಗಳಲೂ ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿ ಇದ್ದವರಿಗೂ ಕೇಳಿಸದೇ ಇರಬಹುದು.

ತುಂಬಿದ ಪ್ಯಾಕೆಟ್ ಇದ್ದರೆ ನಾವೇ ಮೇಲೆ ಎತ್ತಿಡುತ್ತೇವೆ, ಅಲ್ವಾ? ಖಾಲಿ ಆದದ್ದನ್ನೇ ಯಾರೂ ಗಮನಿಸುವುದಿಲ್ಲ. ಚಿಪ್ಸ್ ಮಾತ್ರ ಅಲ್ಲ. ಬ್ರೆಡ್ ಕವರ್, ಖಾರ ಮಿಕ್ಸ್ಚರ್ ಪ್ಯಾಕೆಟ್, ಕಾರ್ನ್‌ಫ್ಲೇಕ್ಸ್ ಡಬ್ಬದ ಒಳಗಿನ ಚೀಲ, ಕಡೆಗೆ ನಾಯಿ ತಿಂಡಿಯ ಚೀಲವೂ ಅಷ್ಟೇ. ಮುಂದೆ ಬೇಕಾಗುತ್ತದೆ ಅಂತ ಬಾಗಿಲ ಹಿಂದೆ ಕವರ್‌ಗಳನ್ನು ತುರುಕಿಡುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಅವನ್ನೆಲ್ಲ ತೆಗೆದು ಹಾಕಿದೆ.

ಮಾಡಬೇಕಾದ್ದು ತುಂಬಾ ಸುಲಭ. ಪ್ಯಾಕೆಟ್ ಖಾಲಿ ಆದ ತಕ್ಷಣ ಎರಡೂ ಪಕ್ಕ ಮತ್ತು ತಳ ಕತ್ತರಿಸಿ. ಕಾಗದದ ಹಾಳೆ ಹಾಗೆ ಚಪ್ಪಟೆ ಆಗಬೇಕು. ಸುಮ್ನೆ ಮುದ್ದೆ ಮಾಡಿ ಎಸೆದರೆ ಸಾಲದು, ಅದು ಮತ್ತೆ ಬಿಚ್ಚಿಕೊಳ್ಳುತ್ತದೆ. ಅರ್ಧ ತಿಂದ ಪ್ಯಾಕೆಟ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಇಡುವುದೂ ಬೇಡ, ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದಿಡಿ. ಕಸದ ಬುಟ್ಟಿಗೂ ನಾಯಿ ತೆಗೆಯಲಾಗದ ಮುಚ್ಚಳ ಇರಲಿ. ಮನೆಗೆ ಬಂದ ನೆಂಟರಿಗೂ ಮಕ್ಕಳಿಗೂ ಬಾಯಿಬಿಟ್ಟು ಹೇಳಿ.

ಇನ್ನೊಂದು ವಿಷಯ ಡಾಕ್ಟರು ಹೇಳಿಕೊಟ್ಟರು. ಇದು ಗೊತ್ತಿಲ್ಲದ್ದಕ್ಕೆ ನನಗೆ ಇನ್ನೂ ಸಂಕಟ. ಕವರ್ ತೆಗೆದ ಮೇಲೆ ನಾಯಿ ಉಸಿರಾಡುತ್ತಿಲ್ಲ ಅಂದರೆ ಪಕ್ಕಕ್ಕೆ ಮಲಗಿಸಿ, ಬಾಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಕತ್ತು ನೇರ ಮಾಡಿ, ಬಾಯಿ ಮುಚ್ಚಿ ಹಿಡಿದು, ಮೂಗಿನ ಮೂಲಕ ಎದೆ ಉಬ್ಬುವಷ್ಟು ಊದಿ. 6 ಸೆಕೆಂಡಿಗೆ ಒಂದು ಸಲ. ಎದೆ ಬಡಿತವೂ ಇಲ್ಲದಿದ್ದರೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆ ಒತ್ತಬೇಕು. 30 ಸಲ ಒತ್ತಿ 2 ಸಲ ಊದಿ, ಮತ್ತೆ ಒತ್ತಬೇಕು. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ನಿಲ್ಲಿಸಬಾರದು. ನಾಯಿ ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಲೇಬೇಕು. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಶುರುವಾಗಬಹುದು.

ಮಗಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. "ನಾನೇ ಅಲ್ವಾ ಅಮ್ಮ ಬಿಟ್ಟುಹೋಗಿದ್ದು" ಅಂತ ಅಳುತ್ತಿದ್ದಳು. ಕವರ್ ನೋಡಿಯೂ ಎತ್ತದವಳು ನಾನು, ನಿನಗೆ ಹೇಳಿಕೊಡಬೇಕಾದವಳೂ ನಾನೇ ಅಂತ ಅವಳಿಗೆ ಹೇಳಿದೆ. ಈಗ ಫ್ರಿಜ್ ಪಕ್ಕದ ಮೊಳೆಯಲ್ಲಿ ಒಂದು ಕತ್ತರಿ ನೇತುಹಾಕಿದ್ದೇವೆ. ಮನೆಯಲ್ಲಿ ಈಗ ನಾಯಿ ಇಲ್ಲ. ಆದರೂ ಅವಳು ಪ್ರತಿಯೊಂದು ಪ್ಯಾಕೆಟನ್ನೂ ಬಿಡಿಸಿ ಕತ್ತರಿಸಿಯೇ ಬುಟ್ಟಿಗೆ ಹಾಕುತ್ತಾಳೆ. ಬೀದಿಯಲ್ಲಿ ಕಸ ಕೆದಕುವ ನಾಯಿಗಳು ಇವೆಯಲ್ಲ ಅನ್ನುತ್ತಾಳೆ.